ಎರಡು ಟವರಿನ ನಡುವಿನ ಆಂಬುಲೆನ್ಸ್

ನಮ್ಮ ಆಂಬುಲೆನ್ಸ್ ಸಂಸ್ಥೆಗೆ ಎರಡು ವೈರ್‌ಲೆಸ್ ಟವರ್. ಒಂದು ಶಿವಮೊಗ್ಗದಲ್ಲಿ, ಇನ್ನೊಂದು ಭದ್ರಾವತಿಯಲ್ಲಿ. ಶಿವಮೊಗ್ಗದ ವಿನೋಬನಗರದಲ್ಲಿರುವ ಕಂಟ್ರೋಲ್ ರೂಮಿನ ಮಾತು ಎರಡರಿಂದಲೂ ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೇ ಹೊರಡಬೇಕು. ಕೇಳುವುದಕ್ಕೆ ಎಷ್ಟು ಸುಲಭ! ನಡೆಸಿ ನೋಡಿದರೆ ಗೊತ್ತಾಗುತ್ತದೆ. ಎರಡೂ ಸಮಬಲದಲ್ಲಿ ಸಿಗುವ ಮಧ್ಯದ ಜಾಗದಲ್ಲಿ ಒಂದು ಕೂದಲೆಳೆಯಷ್ಟು ಹಿಂದೆಮುಂದೆಯಾದರೂ ಮಾತೆಲ್ಲ ಕಲಸುಮೇಲೋಗರ. ಅದನ್ನು ಸರಿಹೊಂದಿಸುವುದು ನನ್ನ ಕೆಲಸ.

ಎರಡೂ ಊರಿನ ನಡುವಿನ ಮಾಚೇನಹಳ್ಳಿ ಬಳಿ ಹೆದ್ದಾರಿ ಬದಿಯಲ್ಲಿ ನಿಲ್ಲುತ್ತಿದ್ದ ಆಂಬುಲೆನ್ಸಿನ ಡ್ರೈವರ್ ಭದ್ರಾವತಿಯವರು. ನಾವೆಲ್ಲ ಭಾಯಿ ಎನ್ನುತ್ತಿದ್ದೆವು. ಕಂಟ್ರೋಲ್ ರೂಮಿನಿಂದ ಕರೆದರೆ ಉಳಿದ ಡ್ರೈವರುಗಳೆಲ್ಲ ಓಗೊಡುತ್ತಾರೆ, ಇವರೊಬ್ಬರೇ ಇಲ್ಲ. ಆಫೀಸಿನಲ್ಲಿ ಕುಂಭಕರ್ಣ ಎಂದು ಹೆಸರಿಟ್ಟರು. ಮ್ಯಾನೇಜರ್ ಕೆಲಸದಿಂದ ತೆಗೆಯುವುದಾಗಿ ಹೇಳಿಯೂಬಿಟ್ಟರು.

"ರೋಗಿ ಕಾಯ್ತಿರುವಾಗ ನಂಗೆ ನಿದ್ದೆ ಬರುತ್ತಾ ಸಾರ್? ವೈರ್‌ಲೆಸ್ ಸೆಟ್ಟಲ್ಲಿ ಬರೀ ಗೊರಗೊರ ಅನ್ನುತ್ತೆ," ಎಂದರು ಭಾಯಿ.

ಈಚೆಗೆ ಭದ್ರಾವತಿಗೆ ಮಾತು ಕಳಿಸುವ ಪೆಟ್ಟಿಗೆಯನ್ನು ಬದಲಿಸಿದ್ದರು. ಅಲ್ಲಿಗೆ ಮಾತು ಎಷ್ಟು ತಡವಾಗಿ ತಲುಪುತ್ತಿದೆ ಎಂದು ಮತ್ತೆ ಅಳೆಯಲು ಯಾರೂ ಬಿಡಲಿಲ್ಲ. ಟವರಿನ ಬುಡದಲ್ಲಿ ನಿಂತು ಕೇಳಿ "ಫಸ್ಟ್ ಕ್ಲಾಸ್" ಅನ್ನುವುದೇ ನಮ್ಮಲ್ಲಿ ಪದ್ಧತಿ. ಬುಡದಲ್ಲಿ ಅದರದ್ದೇ ದನಿ ಜೋರು, ಕೇಳದೆ ಏನಾಗುತ್ತದೆ! ಇನ್ನು ಯಾವ ಊರಿನಿಂದ ದೂರು ಬಂದರೂ ಮ್ಯಾನೇಜರ್ ಆ ಊರಿನ ಟವರಿನ ಪವರ್ ಏರಿಸುತ್ತಿದ್ದರು.

"ಇಬ್ಬರು ಒಟ್ಟಿಗೆ ಮಾತಾಡಿ ಅರ್ಥ ಆಗ್ತಿಲ್ಲ ಅಂದ್ರೆ, ಇಬ್ಬರಿಗೂ ಇನ್ನಷ್ಟು ಕೂಗಿ ಅನ್ನೋದಾ ಸಾರ್?" ಎಂದು ರೇಗಿದೆ. "ಒಂದ್ಸಲ ಭಾಯಿ ಗಾಡೀಲಿ ಬಂದು ಕೂತ್ಕೊಳ್ಳಿ."

ಒಂದು ಮಧ್ಯಾಹ್ನ ಮ್ಯಾನೇಜರ್ ಬಂದರು. ಕಂಟ್ರೋಲ್ ರೂಮಿಗೆ ಹೇಳಿರಲಿಲ್ಲ. ಭಾಯಿ ಪಕ್ಕದಲ್ಲಿ ಕೂತು ಸೆಟ್ಟಿಗೆ ಕಿವಿ ಹಚ್ಚಿದರು. ಗೊರಗೊರ ಎಂದಿತು, ನಿಂತಿತು, ಮತ್ತೆ ಗೊರಗೊರ. ಅಷ್ಟರಲ್ಲಿ ಮ್ಯಾನೇಜರ್ ಮೊಬೈಲ್ ಬಡಿದುಕೊಂಡಿತು. ಕಂಟ್ರೋಲ್ ರೂಮಿನ ಹುಡುಗಿಯ ದನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು. "ಸಾರ್, ಆಗಿಂದ ಕರೀತಿದ್ದೀನಿ. ಭಾಯಿ ಇವತ್ತೂ ನಿದ್ದೆ ಹೊಡೀತಿದಾರೆ ನೋಡಿ!"

ಮ್ಯಾನೇಜರ್ ಮುಖ ಸಪ್ಪಗಾಯಿತು. "ನಾನೇ ಇಲ್ಲಿ ಕೂತಿದ್ದೀನಮ್ಮ. ನಂಗೂ ಒಂದಕ್ಷರ ತಿಳೀಲಿಲ್ಲ," ಎಂದು ಫೋನ್ ಇಟ್ಟು ನನ್ನತ್ತ ತಿರುಗಿದರು. "ಈಗೇನ್ ಮಾಡೋದು ಮಾರಾಯ?"

"ಪವರ್ ಮೊದಲಿನಷ್ಟಕ್ಕೇ ಇಳಿಸೋಣ. ಭದ್ರಾವತಿಗೆ ಎಷ್ಟು ತಡವಾಗಿ ಹೋಗ್ತಿದೆ ಅಂತ ಅಳೆದು, ಅಷ್ಟೇ ಹೊತ್ತು ಶಿವಮೊಗ್ಗದ ಮಾತನ್ನೂ ತಡೆದು ಬಿಡ್ತೀನಿ. ಇಲ್ಲಿಗೆ ಎರಡೂ ಒಟ್ಟಿಗೆ ಬರುತ್ತೆ."

ಅವರು ತಲೆಯಾಡಿಸಿ ಭಾಯಿಯ ಭುಜ ಮುಟ್ಟಿದರು. "ತಪ್ಪಾಯ್ತು ಭಾಯಿ. ನಿಮ್ಮ ಕೆಲಸಕ್ಕೇನೂ ಆಗಲ್ಲ."

ಭಾಯಿ ಸ್ಟಿಯರಿಂಗ್ ಬಿಟ್ಟು ಜೇಬಿನಿಂದ ಫೋನ್ ತೆಗೆದರು. "ಕೆಲ್ಸದ್ದು ಇರ್ಲಿ ಸಾರ್. ಕುಂಭಕರ್ಣ ಅನ್ನೋ ಹೆಸರು ಮನೇವರೆಗೂ ಬಂದಿದೆ. ನಿನ್ನೆ ನನ್ನ ಮಗಳೇ ಕೇಳಿದ್ಲು, ಅಬ್ಬಾಜಾನ್, ನೀವು ನಿಜವಾಗ್ಲೂ ಮಲಗಿರ್ತೀರಾ ಅಂತ," ಎಂದವರು ಮಗಳ ನಂಬರ್ ಒತ್ತಿ ಫೋನನ್ನು ಮ್ಯಾನೇಜರ್ ಕೈಗಿಟ್ಟರು. "ಇಲ್ಲ ಅಂತ ನೀವೇ ಒಂದ್ಮಾತು ಹೇಳ್ತೀರಾ?"