ಕರಿಕಲ್ಲು ಬ್ಯಾಂಡಿನ ಡ್ರಮ್ಮರ್ ಊರಿಗೆ

ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೊರಟ ಬಸ್ಸನ್ನು ನಾನು ಹತ್ತಿದಾಗ ಬೆಳಗಿನ ಏಳೂವರೆ. ನವೆಂಬರ್ ಕೊನೆಯ ವಾರ. ಕಿಟಕಿಯ ಗಾಳಿಯಲ್ಲಿ ಸಣ್ಣ ಚಳಿಯಿತ್ತು. ನನ್ನ ಸಾಲಿನಲ್ಲಿ ಕುಳಿತಿದ್ದ ಇಬ್ಬರು ಹೆಂಗಸರಿಗೂ ಪ್ರಯಾಣ ಉಚಿತ. ಶಿಗ್ಗಾಂವಿಗೆ ಅರವತ್ತು ರೂಪಾಯಿ ಕೊಟ್ಟು ಟಿಕೆಟ್ ತೆಗೆದವನು ನಾನೊಬ್ಬನೇ. ಪಕ್ಕದಾಕೆ ನನ್ನ ಮುಖ ನೋಡಿ, "ಗಂಡಸರಿಗೂ ಒಂದಿನ ಬರ್ತೈತಿ ಬಿಡ್ರಿ," ಎಂದು ಸಮಾಧಾನ ಹೇಳಿದಳು.

ನನಗೀಗ ಐವತ್ತೈದು. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಮೂವತ್ತು ವರ್ಷದ ಹಿಂದೆ ಇವೇ ಬೆರಳುಗಳು ಬೇಸ್ ಗಿಟಾರ್ ನುಡಿಸುತ್ತಿದ್ದವು. ನನ್ನ ಹೆಸರು ಬಸವರಾಜ, ಹಾಗಾಗಿ ಗೆಳೆಯರ ಬಾಯಲ್ಲಿ ‘ಬೇಸ್ ಬಸ್ಯಾ’. ನಮ್ಮ ಬ್ಯಾಂಡಿಗೆ ‘ಕರಿಕಲ್ಲು’ ಎಂದು ಹೆಸರಿಟ್ಟಿದ್ದೆವು. ಹಾರ್ಡ್ ರಾಕ್ ಅಂದರೆ ನಮ್ಮ ಮಾತಿನಲ್ಲಿ ಅಷ್ಟೇ ತಾನೆ ಎಂಬುದು ನಮ್ಮ ವಾದ. ಹಾಡುವವನು ಸವಣೂರಿನ ದಸ್ತಗೀರ. ಲೀಡ್ ಗಿಟಾರ್ ಹಾನಗಲ್ಲಿನ ಮಹಾಂತೇಶನದು. ಡ್ರಮ್ಸ್ ಶಿಗ್ಗಾಂವಿಯ ರತ್ನಾಳದು.

ನಮ್ಮ ಮೊದಲ ಕ್ಯಾಸೆಟ್ಟಿನಲ್ಲಿ ಆರು ಹಾಡು. ಅದು ಎಲ್ಲಿಗೆಲ್ಲ ಹೋಯಿತೆಂದು ನಮಗೇ ನಂಬಲಾಗಲಿಲ್ಲ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಟ್ರ್ಯಾಕ್ಟರುಗಳಲ್ಲಿ, ಚಹಾದಂಗಡಿಗಳಲ್ಲಿ, ಕಟಿಂಗ್ ಶಾಪುಗಳಲ್ಲಿ ‘ಹೈವೇ ನಾಲ್ಕು’, ‘ಎರಿಮಣ್ಣು’, ‘ಸೈರನ್’ ಕೂಗುತ್ತಿದ್ದವು. ಬಂಕಾಪುರದ ಟೆಂಟ್ ಟಾಕೀಸಿನಲ್ಲಿ ಆಟ ಶುರುವಾಗುವ ಮೊದಲು ‘ಸೈರನ್’ ಹಾಕಿದರೆ ಜನ ಸಿಳ್ಳೆ ಹೊಡೆಯುತ್ತಿದ್ದರು. ಎರಡು ವರ್ಷದ ಮೇಲೆ ಬಂದ ಎರಡನೇ ಕ್ಯಾಸೆಟ್ ಅಂಗಡಿಗಳಲ್ಲೇ ಧೂಳು ತಿಂದಿತು. ಆಮೇಲೆ ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದೆವು.

ಈಗ ಹುಬ್ಬಳ್ಳಿಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಇಂಟರ್ನೆಟ್ಟಿಗೆ ಏರಿಸುವ ಹವ್ಯಾಸಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ನಮ್ಮ ಹಾಡುಗಳಲ್ಲಿ ಅತ್ಯುತ್ತಮವಾದ ಐದನ್ನು ಆರಿಸಿ ಕೊಡಿ, ಈ ಫಾರ್ಮಿನಲ್ಲಿ ನುಡಿಸಿದವರ ನಿಜವಾದ ಹೆಸರು ಬರೆದು ಎಲ್ಲರ ಸಹಿ ತನ್ನಿ ಎಂದಿದ್ದರು. ‘ನಿಜವಾದ ಹೆಸರು’ ಎಂಬ ಮಾತಿಗೆ ಒಂದು ವಾರ ನನಗೆ ಸಮಾಧಾನವಿರಲಿಲ್ಲ. ಯಾಕೆಂದರೆ ಆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ‘ಡ್ರಮ್ಸ್: ರತನ್’ ಎಂದು ಅಚ್ಚಾಗಿತ್ತು. ಅದನ್ನು ಬರೆದವನು ನಾನು.

ಶಿಗ್ಗಾಂವಿಯಲ್ಲಿ ಇಳಿದು ಮೊದಲು ನಾವು ಅಭ್ಯಾಸ ಮಾಡುತ್ತಿದ್ದ ಅರಳೆ ಗೋದಾಮಿನ ಕಡೆ ನಡೆದೆ. ಅಲ್ಲೀಗ ಟೈಲ್ಸ್ ಅಂಗಡಿ. ಒಳಗೆ ಹೋಗಲು ನೆಪ ಸಿಗದೆ ಹೊರಗೇ ನಿಂತು ನೋಡಿದೆ. ಆ ಗೋಡೆಗಳ ನಡುವೆ ರತ್ನಾ ಡ್ರಮ್ ಮುಂದೆ ಕೂತರೆ ಅರಳೆಯ ಎಳೆಗಳು ಗಾಳಿಯಲ್ಲಿ ಏಳುತ್ತಿದ್ದವು. ಅವಳ ಅಪ್ಪ ಮದುವೆಗಳಿಗೆ ಹೋಗುವ ಬ್ಯಾಂಡ್ ಕಂಪನಿಯಲ್ಲಿ ಡ್ರಮ್ ಬಾರಿಸುತ್ತಿದ್ದರು. ಅವರಿಂದಲೇ ಅವಳು ಕಲಿತದ್ದು. ಕಾಲೇಜಿನ ಎರಡು ಕಾರ್ಯಕ್ರಮ ಬಿಟ್ಟರೆ ಅವಳು ಜನರೆದುರು ಬಾರಿಸಿದ್ದಿಲ್ಲ. ರೆಕಾರ್ಡಿಂಗ್ ಮುಗಿದ ಮರುವಾರವೇ ಅವಳಣ್ಣ ಪರಮೇಶಿ ನನ್ನ ಬಳಿ ಬಂದು, ತಂಗಿಗೆ ಗಂಡು ಗೊತ್ತಾಗಿದೆ, ಬೀಗರಿಗೆ ಈ ಸಂಗತಿ ತಿಳಿಯಬಾರದು, ಹೆಸರು ತೆಗೆದುಬಿಡು ಎಂದು ಕೈ ಹಿಡಿದ. ನಾನು ತೆಗೆದೆ. ಖಾಲಿ ಜಾಗ ಚೆನ್ನಾಗಿ ಕಾಣುವುದಿಲ್ಲವೆಂದು ‘ರತನ್’ ಎಂದು ತುಂಬಿದೆ. ಆಮೇಲೆ ಕಾರ್ಯಕ್ರಮಗಳಲ್ಲಿ ಬೇರೆಯವರನ್ನು ಕೂರಿಸಿಕೊಂಡು, "ರತನ್ ಮುಂಬೈಗೆ ಹೋಗ್ಯಾನ," ಎಂದು ಮೈಕಿನಲ್ಲೇ ಹೇಳುತ್ತಿದ್ದೆ. ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು.

ಪರಮೇಶಿಯ ಗೊಬ್ಬರದ ಅಂಗಡಿ ಹಳೆಯ ಜಾಗದಲ್ಲೇ ಇತ್ತು. ತಲೆ ಪೂರ್ತಿ ಬೆಳ್ಳಗಾಗಿದೆ. ಚಹಾ ತರಿಸಿದ, ನಾನು ಬಂದ ಕಾರಣ ಕೇಳಿ ತಿಳಿದ.

"ಚಿಕ್ಕೇರೂರಾಗ ಅದಾಳ. ಗಂಡ ಹೆಂಡತಿ ಕೂಡಿ ಹಿಟ್ಟಿನ ಗಿರಣಿ ನಡಸ್ತಾರ," ಎಂದ. "ಗಂಡ ಭಾಳ ಚಲೋ ಮನಷ್ಯಾ. ಆದ್ರ ಆತಗ ಇವತ್ತಿಗೂ ಗೊತ್ತಿಲ್ಲ."

"ಇಷ್ಟು ವರ್ಷದಾಗ ಒಮ್ಮೆನೂ ಹೇಳಿಲ್ಲೇನು?"

"ಆಕಿ ಕಡೆ ನಾ ಆಣಿ ಮಾಡಿಸ್ಕೊಂಡಿದ್ದೆ, ಬಸಣ್ಣ. ಆಮ್ಯಾಲ ನಾ ಮರ್ತೆ. ಆಕಿನೂ ಮರ್ತಾಳಂತ ತಿಳಕೊಂಡೆ." ಚಹಾದ ಕಪ್ಪನ್ನು ಕೆಳಗಿಟ್ಟು ಹೇಳಿದ, "ಹೋಗು. ಫೋನ್ ಮಾಡಬ್ಯಾಡ, ಎದುರಿಗೆ ಹೋಗಿ ಕೇಳು. ಆ ಆಣಿ ನಾ ಬಿಟ್ಟೇನಿ ಅಂತ ಹೇಳು."

ಬಂಕಾಪುರದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಸವಣೂರು ಸೇರಿದೆ. ದಾರಿಯುದ್ದಕ್ಕೂ ಹೊಲಗಳಲ್ಲಿ ಗೋವಿನಜೋಳದ ದಂಟು ಕೊಯ್ದು ಬಣವೆ ಹಾಕಿದ್ದರು. ದಸ್ತಗೀರ ವೀಳ್ಯದೆಲೆಯ ವ್ಯಾಪಾರಿ. ನಾನು ಹೋದಾಗ ಹರಾಜಿನ ಸವಾಲು ಕೂಗುತ್ತಿದ್ದ. ಎಲೆಯ ಪೆಂಡಿಗಳ ನಡುವೆ ನಿಂತು ಬೆಲೆ ಕೂಗುವಾಗ ಕೊನೆಯ ಅಕ್ಷರವನ್ನು ಮೇಲಕ್ಕೆಳೆದು ಒರಟಾಗಿ ಬಿಡುತ್ತಾನೆ. ‘ಎರಿಮಣ್ಣು’ ಹಾಡಿನಲ್ಲಿ ಎಳೆಯುತ್ತಿದ್ದದ್ದೂ ಹೀಗೆಯೇ. ನಾನು ಅಲ್ಲೇ ಒಂದು ಬುಟ್ಟಿಯ ಪಕ್ಕ ಕುಳಿತೆ.

"ಲೇ ಬಸ್ಯಾ! ಎಲಿ ತಗೊಳ್ಳಾಕ ಬಂದೀಯೋ, ನನ್ನ ತಗೊಳ್ಳಾಕ ಬಂದೀಯೋ?" ಎಂದು ಅಲ್ಲಿಂದಲೇ ಕೂಗಿದ.

ಆ ದಿನ ಅವನ ಮನೆಯಲ್ಲೇ ಉಳಿದೆ. ಅವನ ಹೆಂಡತಿ ಜೋಳದ ರೊಟ್ಟಿ, ಮಟನ್ ಸಾರು ಬಡಿಸಿದರು. ಚಹಾದ ಜೊತೆ ಕುರುಕಲು ಸವಣೂರು ಖಾರ. ಸಂಜೆ ಅಂಗಳದಲ್ಲಿ ಕುಳಿತು ಐದು ಹಾಡು ಆರಿಸಲು ಶುರುಮಾಡಿದೆವು. ‘ಹೈವೇ ನಾಲ್ಕು’ ಬಗ್ಗೆ ಜಗಳವಿರಲಿಲ್ಲ. ಹೆದ್ದಾರಿಯ ನಂಬರು ಸರ್ಕಾರ ಬದಲಿಸಿದೆ, ಹಾಡಿನ ಹೆಸರು ಬದಲಿಸುವುದು ಬೇಡ ಎಂದು ನಕ್ಕೆವು. ‘ಎರಿಮಣ್ಣು’, ‘ಸೈರನ್’, ಅದೇ ಕ್ಯಾಸೆಟ್ಟಿನ ಇನ್ನೊಂದು ಹಾಡು ಕೂಡ ಒಳಗೆ ಬಂದವು. ಎರಡನೇ ಕ್ಯಾಸೆಟ್ಟಿನ ‘ಕೆಂಪು ಬಸ್ಸು’ ಬೇಕೆಂದು ನಾನು ಪಟ್ಟಿಗೆ ಸೇರಿಸಿದೆ, ಬೇಡವೆಂದು ಅವನು.

"ಅದರಾಗ ಡ್ರಮ್ ಸತ್ತೈತಿ," ಎಂದ ದಸ್ತಗೀರ. "ರತ್ನಾ ಇಲ್ಲದ್ದು ಕೇಳಿದ ಕೂಡ್ಲೇ ಗೊತ್ತಾಗತೈತಿ. ನಮ್ಮ ಎರಡನೇ ಕ್ಯಾಸೆಟ್ ಯಾಕ ಬಿತ್ತು ಅಂತ ನಾವು ಒಬ್ಬರಿಗೊಬ್ಬರು ಬೈಕೊಂಡ್ವಿ. ಆಕಿ ಇರಲಿಲ್ಲ, ಅದಕ್ಕ ಬಿತ್ತು."

ಹೆಸರಿನ ಮಾತು ಬಂದಾಗ ಅವನು ನೇರವಾಗಿ ಹೇಳಿದ: "ಸುಳ್ಳು ಬರದಾಂವ ನೀನು. ಅಳಸಾಂವನೂ ನೀನ ಆಗಬೇಕು." ಸಹಿ ಹಾಕುವ ಮೊದಲು ಕೈಗೆ ಹತ್ತಿದ ಎಲೆಯ ಹಸಿರನ್ನು ಲುಂಗಿಗೆ ಒರೆಸಿಕೊಂಡ.

ಮರುದಿನ ಹಾನಗಲ್. ಬಸ್ಸು ಬಂಕಾಪುರಕ್ಕೆ ಮರಳಿ ಅಲ್ಲಿಂದ ಪಶ್ಚಿಮಕ್ಕೆ ತಿರುಗಿತು. ಒಂದೂವರೆ ಗಂಟೆಯ ದಾರಿಗೆ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಹಾನಗಲ್ ಹತ್ತಿರವಾದಂತೆ ಭತ್ತದ ಗದ್ದೆ, ಕೆರೆ, ಮಾವಿನ ತೋಪು. ಮಹಾಂತೇಶ ತಾಲ್ಲೂಕು ಕಚೇರಿ ಸಮೀಪ ಬಾಂಡ್ ರೈಟರ್. ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ ಬರೆದು ಬರೆದು ಅವನ ಮಾತೂ ಕಾಗದದಂತೆ ಆಗಿದೆ. ನನ್ನ ಫಾರ್ಮನ್ನು ಕನ್ನಡಕ ಏರಿಸಿ ಮೂರು ಸಲ ಓದಿದ.

"ರತನ್ ಅಂತನ ಇರಲಿ. ಜನಕ್ಕ ಅದ ಗೊತ್ತೈತಿ. ಈಗ ತಿದ್ದಿದ್ರ ನಾವು ಸುಳ್ಳಗಾರರು ಆಗ್ತೇವಿ."

"ಆಗೇವಲ್ಲೋ ಮಾರಾಯ," ಎಂದೆ.

ಅವನು ಕನ್ನಡಕ ತೆಗೆದು ಫಾರ್ಮ್ ಮಡಚಿದ. ಅಂಗಡಿಗೆ ಬಂದವರನ್ನು ಕಳಿಸಿ, ನನ್ನನ್ನು ಖಾನಾವಳಿಗೆ ಕರೆದುಕೊಂಡು ಹೋದ. ಊಟ ಬರುವವರೆಗೆ ಅವನ ಎಡಗೈ ಬೆರಳುಗಳು ಮೇಜಿನ ಅಂಚಿನ ಮೇಲೆ ಓಡುತ್ತಿದ್ದವು. ನೋಡಿದೆ, ‘ಸೈರನ್’ ಹಾಡಿನ ನಡುವಿನ ಗಿಟಾರ್. ನಾನು ನೋಡುತ್ತಿರುವುದು ತಿಳಿದು ಕೈ ತೆಗೆದ. ಊಟ ಮುಗಿದ ಮೇಲೆ ಸಹಿ ಹಾಕಿ, "ಆಕಿ ಗಂಡನ ಮನಿ ಮುರಿಬ್ಯಾಡ, ಬಸ್ಯಾ. ಹಾಡು ಐದು ನಿಮಿಷದ್ದು," ಎಂದ. ಆ ಮಾತು ಚಿಕ್ಕೇರೂರಿನವರೆಗೂ ನನ್ನ ಜೊತೆ ಬಂತು.

ಅಕ್ಕಿಆಲೂರು ದಾಟಿದ ಮೇಲೆ ರಸ್ತೆಯ ಅರ್ಧಭಾಗದಲ್ಲಿ ಗೋವಿನಜೋಳ ಒಣಹಾಕಿದ್ದರು. ಬಸ್ಸು ಉಳಿದರ್ಧದಲ್ಲಿ ನಿಧಾನವಾಗಿ ಸಾಗಿತು. ಚಿಕ್ಕೇರೂರಿನಲ್ಲಿ ಇಳಿದಾಗ ಮಧ್ಯಾಹ್ನ ಮೂರೂವರೆ. ಗಿರಣಿಯನ್ನು ಕೇಳಬೇಕಾಗಲಿಲ್ಲ, ಸದ್ದೇ ದಾರಿ ತೋರಿಸಿತು. ನಾಲ್ಕೈದು ಹೆಂಗಸರು ಡಬ್ಬಿ, ಚೀಲ ಇಟ್ಟುಕೊಂಡು ಸರದಿಯಲ್ಲಿ ಕುಳಿತಿದ್ದರು. ಕಲ್ಲಿನ ಬಾಯಿಗೆ ಜೋಳ ಸುರಿಯುತ್ತಿದ್ದವಳು ರತ್ನಾ. ಹುಬ್ಬು, ಕೂದಲ ಮೇಲೆಲ್ಲ ಹಿಟ್ಟು. ನನ್ನನ್ನು ನೋಡಿದಳು, ಗುರುತು ಹಿಡಿದಳು, ಕೈ ನಿಲ್ಲಿಸಲಿಲ್ಲ.

ಮಾತಾಡಲು ನಾನು ಸಮಯ ನೋಡುತ್ತಿರುವಾಗಲೇ ಒಳಗಿನಿಂದ ಅವಳ ಗಂಡ ಫಕ್ಕೀರಪ್ಪ ಬಂದ. ಎತ್ತರದ ಆಳು. ನನ್ನನ್ನು ಎರಡು ಸಲ ನೋಡಿ, "ನೀವು... ಕರಿಕಲ್ಲಿನ ಬೇಸ್ ಬಸ್ಯಾ ಅಲ್ಲೇನ್ರಿ?" ಎಂದ.

ಹೌದೆಂದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಹರೆಯದಲ್ಲಿ ನಮ್ಮ ಕಾರ್ಯಕ್ರಮ ನೋಡಿದ್ದನಂತೆ, ಟ್ರ್ಯಾಕ್ಟರಿನಲ್ಲಿ ಆ ಕ್ಯಾಸೆಟ್ ಒಂದನ್ನೇ ಹಾಕುತ್ತಿದ್ದನಂತೆ. ಒಂದು ಹರಿದು ಇನ್ನೊಂದು, ಅದೂ ಹರಿದು ಮೂರನೆಯದು ಕೊಂಡನಂತೆ. ಕುರ್ಚಿ ತಂದು ಕೂರಿಸಿ, ನೀರು ಕೊಟ್ಟು, ನಾನು ಕುಡಿದು ಮುಗಿಸುವುದನ್ನೂ ಕಾಯದೆ ಕೇಳಿದ:

"ಅಲ್ರಿ, ಆ ರತನ್ ಈಗ ಎಲ್ಲಿ ಅದಾನರಿ? ಮುಂಬೈಯಿಂದ ಬಂದನೇನು? ಅಂಥ ಕೈ ನಾ ಮತ್ತ ಕೇಳಿಲ್ಲ ನೋಡ್ರಿ. ಇವತ್ತಿಗೂ ಈಕಿ ಮುಂದ ಹೇಳ್ತಿರ್ತೇನಿ."

ಮುಂಬೈಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಮಹಾಂತೇಶ ಹೇಳಿದ್ದು ನೆನಪಾಯಿತು. ನಾನು ರತ್ನಾಳ ಮುಖ ನೋಡಿದೆ. ಅವಳು ಹೋಗಿ ಗಿರಣಿಯ ಸ್ವಿಚ್ ಆರಿಸಿದಳು. ಬೆಲ್ಟ್ ನಿಧಾನವಾಗಿ ನಿಂತಿತು.

"ರತನ್ ಅನ್ನಾಂವ ಯಾರೂ ಇಲ್ಲ," ಎಂದಳು. "ಆ ಡ್ರಮ್ ಬಾರಿಸಿದಾಕಿ ನಾನು."

ಫಕ್ಕೀರಪ್ಪ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. ನಾನು ತಲೆಯಾಡಿಸಿದೆ. ಅವನ ನಗು ಹಾಗೇ ನಿಂತು, ಇಳಿದು ಹೋಯಿತು. ಜೋಳದ ಚೀಲದ ಮೇಲೆ ಕುಳಿತ. ಸರದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾಕ ಹೇಳ್ಲಿಲ್ಲ?"

"ಮೊದಲ ಅಣ್ಣಗ ಅಂಜಿದೆ. ಆಮ್ಯಾಲ ನಿಮಗ ಅಂಜಿದೆ. ಆಮ್ಯಾಲ..." ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. "ನೀವು ಆ ರತನ್‌ನ್ನ ಅಷ್ಟು ಹೊಗಳತಿದ್ರಿ. ಕೇಳಾಕ ಚಲೋ ಅನಸ್ತಿತ್ತು. ಹೇಳಿದ್ರ ಹೊಗಳೂದು ನಿಲ್ಲಸ್ತೀರಿ ಅಂತ ಸುಮ್ನಿದ್ದೆ."

ಫಕ್ಕೀರಪ್ಪ ಎದ್ದು ಹೊರಗೆ ಹೋದ. ನಾನು ಕುರ್ಚಿಯಿಂದ ಎದ್ದೆ. ಮೂವತ್ತು ವರ್ಷ ಹೇಳಬೇಕೆಂದಿದ್ದನ್ನು ಆಗ ಹೇಳಿದೆ: "ತಪ್ಪಾತು, ರತ್ನಾ. ಆ ಹೆಸರು ಬರದಾಂವ ನಾನು."

"ಗೊತ್ತೈತಿ," ಎಂದಳು. "ನಿನ್ನ ಮ್ಯಾಲ ಸಿಟ್ಟಿತ್ತು, ಬಸಣ್ಣ. ಹೆಸರು ತಗದದ್ದಕ್ಕಲ್ಲ. ಅಣ್ಣ ಕೇಳಿದಾ, ನೀ ತಗದಿ. ಜಾಗಾ ಖಾಲಿ ಬಿಡಬೇಕಿತ್ತು. ನಾ ಕುಂತಿದ್ದ ಜಾಗಾದಾಗ ಇನ್ನೊಬ್ಬನ್ನ ಯಾಕ ಕುಂದ್ರಿಸಿದಿ?"

ಫಾರ್ಮ್ ತೆಗೆದು ಕೊಟ್ಟೆ. ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಅವಳೇ ‘ಡ್ರಮ್ಸ್: ರತ್ನಾ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಳು. ಕಾಗದದ ಮೇಲೆ ಅವಳ ಬೆರಳಿನ ಹಿಟ್ಟು ಉಳಿಯಿತು. ಹಾಡುಗಳ ಪಟ್ಟಿ ನೋಡಿ ‘ಕೆಂಪು ಬಸ್ಸು’ ಹೊಡೆದುಹಾಕಿ, ಮೊದಲ ಕ್ಯಾಸೆಟ್ಟಿನ, ನಾವು ಯಾರೂ ನೆನೆಯದ ‘ಅವ್ವನ ಕಣ್ಣು’ ಬರೆದಳು.

ಫಕ್ಕೀರಪ್ಪ ಮರಳಿ ಬಂದು ಬಾಗಿಲಲ್ಲಿ ನಿಂತ. ಕಣ್ಣು ಕೆಂಪಾಗಿದ್ದವು. ಹೆಂಡತಿಯನ್ನು ನೋಡುತ್ತ, ಅಪರಿಚಿತರನ್ನು ಮಾತಾಡಿಸುವವನ ಹಾಗೆ ಸಂಕೋಚದಿಂದ ಕೇಳಿದ:

"‘ಎರಿಮಣ್ಣು’ ಹಾಡಿನ್ಯಾಗ, ಮೂರನೇ ನುಡಿ ಮುಗಿದ ಮ್ಯಾಲ ಒಂದು ಪೆಟ್ಟು ಬೀಳಂಗಿಲ್ಲ. ಎದಿ ಝಲ್ ಅಂತೈತಿ. ಅದು ಬೇಕಂತ ಬಿಟ್ಟದ್ದೇನು?"

ರತ್ನಾ ತನ್ನ ಅಂಗೈ ನೋಡಿಕೊಂಡಳು. "ಇಲ್ಲ. ಕೈ ಬೆವರಿತ್ತು. ಕೋಲು ಜಾರಿತು."

"ನಾ ಇಷ್ಟು ವರ್ಷ ಅದನ್ನ ದೊಡ್ಡ ಕಲಾ ಅಂತ ತಿಳಕೊಂಡಿದ್ನಲ್ಲ!" ಎಂದ ಫಕ್ಕೀರಪ್ಪ. ಅವಳು ಮೊದಲು ನಕ್ಕಳು, ಆಮೇಲೆ ಅವನು. ಸರದಿಯಲ್ಲಿದ್ದ ಮುದುಕಿಯೊಬ್ಬಳು, "ನಮ್ಮ ಜ್ವಾಳ ಬೀಸೂದು ಐತೋ ಇಲ್ಲೋ?" ಎಂದು ಗದರಿದಳು. ಗಿರಣಿ ಮತ್ತೆ ಶುರುವಾಯಿತು.

ಐದೂಕಾಲಿಗೆ ಹಿರೇಕೆರೂರಿನ ಬಸ್ಸು ಬಂತು. ಅಲ್ಲಿಂದ ಹುಬ್ಬಳ್ಳಿಗೆ ಇನ್ನೊಂದು ಹಿಡಿಯಬೇಕಿತ್ತು. ಹಿಂದಿನ ಸೀಟಿನಲ್ಲಿ ಕುಳಿತು ತಿರುಗಿ ನೋಡಿದೆ. ಗಿರಣಿಯ ಮುಂದಿನ ಕಟ್ಟೆಯ ಮೇಲೆ ಅವರಿಬ್ಬರೂ ಕುಳಿತಿದ್ದರು. ಫಕ್ಕೀರಪ್ಪ ಏನೋ ಕೇಳುತ್ತಿದ್ದ. ರತ್ನಾಳ ಎರಡೂ ಕೈ ಗಾಳಿಯಲ್ಲಿದ್ದವು. ಬಲಗೈ ಒಂದು ಲೆಕ್ಕದಲ್ಲಿ, ಎಡಗೈ ಇನ್ನೊಂದು ಲೆಕ್ಕದಲ್ಲಿ. ಒಂದು ಕಡೆ ಬಲಗೈ ಮೇಲೆ ಹೋಗಿ ಅಲ್ಲೇ ನಿಂತಿತು. ಅವನು ಬಾಯಿ ತೆರೆದುಕೊಂಡು ಆ ಕೈಯನ್ನೇ ನೋಡುತ್ತಿದ್ದ. ಅದು ಕೆಳಗೆ ಬೀಳುವ ಮೊದಲೇ ಬಸ್ಸು ತಿರುವಿನಲ್ಲಿ ಹೊರಳಿತು.