ಹೋಟೆಲ್ ತಾತನ ಮೂರನೇ ಸುದ್ದಿ

ನಿನ್ನೆ ತೊಂಡೆ ಎಲೆ ಜಜ್ಜಿ, ಇದ್ದಲಿನ ಪುಡಿ ಕಲಸಿ ಅಂಗನವಾಡಿಯ ಹಲಗೆಗೆ ಬಳಿದೆ. ಅಂಗಡಿಯಿಂದ ಕಪ್ಪು ಬಣ್ಣದ ಡಬ್ಬಿ ತರಬಹುದಿತ್ತು... ಆದರೆ ಈ ಹಸಿ ವಾಸನೆ ಡಬ್ಬಿಯಲ್ಲಿ ಸಿಗುವುದಿಲ್ಲ. ಮೊಣಕೈತನಕ ಕೈ ಕಪ್ಪಾಗಿ, ಆ ಎಲೆಯ ಘಾಟು ಮೂಗಿಗೆ ಹತ್ತಿದ ಕೂಡಲೇ ನಮ್ಮೂರ ಬಸ್ ಸ್ಟಾಪಿನ ಹೋಟೆಲ್ ತಾತ ಎದುರಿಗೆ ಬಂದು ನಿಂತ. ತನ್ನ ಹಲಗೆಗೆ ಅವನೂ ಹೀಗೇ ಬಳಿಯುತ್ತಿದ್ದ.

ಅವನು ನನ್ನ ಸ್ವಂತ ತಾತನಲ್ಲ, ಊರಿಗೆಲ್ಲ ತಾತ. ನಮ್ಮೂರು ಆಂಧ್ರದ ಗಡಿಯ ಕೌತಾಳಂ ಕಡೆಯದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಆದೋನಿಯ ಮೊದಲ ಬಸ್ಸು ತೆಲುಗು ಪೇಪರನ್ನು ಎಸೆದು ಹೋದರೆ ತಾತ ಚಹಾಕ್ಕೆ ನೀರಿಡುತ್ತಿದ್ದ. ಅದು ಕುದಿಯುವಷ್ಟರಲ್ಲಿ ಪೇಪರ್ ಓದಿ ಮುಗಿಸಿ, ಹೊರಗಿನ ಹಲಗೆಯ ಮೇಲೆ ಸೀಮೆಸುಣ್ಣದಿಂದ ಕನ್ನಡದಲ್ಲಿ ಮೂರು ಸುದ್ದಿ ಬರೆಯುತ್ತಿದ್ದ. ಮೂರೇ. ಮರುದಿನದ ಬಸ್ಸು ಬರುವತನಕ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. "ಸುದ್ದಿಗೂ ಒಂದು ದಿನದ ಆಯಸ್ಸು ಕೊಡಬೇಕ್ರಪಾ" ಎನ್ನುತ್ತಿದ್ದ.

ನಾನು ಕನ್ನಡ ಅಕ್ಷರ ಕಲಿತದ್ದು ಆ ಹಲಗೆಯ ಮುಂದೆ. ಅಪ್ಪನ ಜೊತೆ ಹೋದಾಗಲೆಲ್ಲ ತಾತ ಗದ್ದ ಎತ್ತಿ ಹಲಗೆ ತೋರಿಸಿ, "ಓದವ್ವಾ" ಎನ್ನುತ್ತಿದ್ದ. ಸರಿಯಾಗಿ ಓದಿದರೆ ಒಂದು ಹಿಡಿ ಮಂಡಕ್ಕಿ. ತಪ್ಪಿದರೂ ಒಂದು ಹಿಡಿ, ಜೊತೆಗೆ ಬೈಗುಳ. ಮದುವೆಯಾಗಿ ಅದೇ ಊರಲ್ಲಿ ಅಂಗನವಾಡಿ ಟೀಚರಾದ ಮೇಲೂ ಆ ಪರೀಕ್ಷೆ ತಪ್ಪಲಿಲ್ಲ. "ಟೀಚರಮ್ಮ ಆದ್ರ ಏನಾತು? ಓದವ್ವಾ."

ಒಂದು ಬೇಸಿಗೆಯಲ್ಲಿ ನನ್ನ ಅಂಗನವಾಡಿಯ ಐದು ಮಕ್ಕಳು ಒಂದೇ ವಾರದಲ್ಲಿ ವಾಂತಿ-ಭೇದಿ ಹತ್ತಿ ಮಲಗಿದವು. ಹೊಸ ಟ್ಯಾಂಕಿನ ನೀರು ಕೊಳೆತ ವಾಸನೆ ಹೊಡೆಯುತ್ತಿತ್ತು. ಪೇಪರಿನ ವರದಿಗಾರನಿಗೆ ಹೇಳಿದೆ. ಬರೆದುಕೊಂಡ, ಪೇಪರಿನಲ್ಲಿ ಬರಲಿಲ್ಲ. ಬಂದದ್ದು ಟ್ಯಾಂಕು ಕಟ್ಟಿದ ಗುತ್ತಿಗೆದಾರನ ಹುಟ್ಟುಹಬ್ಬದ ಅರ್ಧ ಪುಟದ ಫೋಟೋ. ಕೊನೆಗೆ ತಾತನ ಹತ್ತಿರ ಹೋದೆ.

"ನೀನು ಕಣ್ಣಾರೆ ನೋಡೀಯೇನು?"

"ನೋಡೀನಿ ತಾತ. ಆದ್ರ ನನ್ನ ಹೆಸರು ಬ್ಯಾಡ. ಕೆಲಸ ಹೋಗ್ತೈತಿ."

ತಾತ ಒಲೆ ಆರಿಸಿ ಎದ್ದ. ಐದೂ ಮನೆಗೆ ಹೋಗಿ, ಮಕ್ಕಳ ಹೊಟ್ಟೆ ಮುಟ್ಟಿ, ಕೊಡದ ನೀರು ಮೂಸಿ ಬಂದ. ಮರುದಿನ ಮೂರನೇ ಸುದ್ದಿ ಹೀಗಿತ್ತು: 'ನಮ್ಮೂರ ಟ್ಯಾಂಕಿನ ನೀರು ಕುಡಿದು ಐದು ಮಕ್ಕಳಿಗೆ ವಾಂತಿ-ಭೇದಿ. ಕಾಯಿಸಿ ಕುಡಿಯಿರಿ.' ಪೇಪರಿನಲ್ಲಿ ಇಲ್ಲದ ಸುದ್ದಿಯನ್ನು ಅವನು ಬರೆದದ್ದು ಅದೇ ಮೊದಲು.

ಮಧ್ಯಾಹ್ನ ಪೊಲೀಸರು ಬಂದರು. ನಾನು ಬಸ್ಸಿಗೆ ಕಾಯುತ್ತ ಅಲ್ಲೇ ನಿಂತಿದ್ದೆ.

"ಪೇಪರಿನಾಗ ಇಲ್ಲದ್ದು ಬೋರ್ಡಿಗೆ ಹೆಂಗ ಬಂತೋ ಮುದುಕಾ?"

"ಪೇಪರು ಆದೋನಿಯಿಂದ ಬರತೈತ್ರಿ ಸಾರ್. ನೀರು ಇಲ್ಲೇ ಬರತೈತಿ."

"ಯಾರು ಹೇಳಿದ್ರು ನಿನಗ?"

"ಯಾರರ ಯಾಕ ಹೇಳಬೇಕ್ರಿ? ನಾನ ಹೋಗಿ ನೋಡೀನಿ."

ವದಂತಿ ಹಬ್ಬಿಸಿದ ಕೇಸು ಹಾಕುತ್ತೇವೆ ಎಂದವರು ತಟ್ಟನೆ ನನ್ನ ಕಡೆ ತಿರುಗಿದರು. ನೀನು ಟೀಚರಲ್ಲವೇನಮ್ಮಾ, ಅಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ತೆಲುಗಿನಲ್ಲಿ ಕೇಳಿದರು. "ನಾಕು ಕನ್ನಡಂ ಚದವಡಂ ರಾದು ಸಾರ್" ಎಂದೆ. ನನಗೆ ಕನ್ನಡ ಓದಲು ಬರುವುದಿಲ್ಲ ಎಂದು... ಆ ಹಲಗೆಯ ಮುಂದೆಯೇ ನಿಂತು.

ತಾತ ನನ್ನ ಮುಖ ನೋಡಲಿಲ್ಲ. ಪೊಲೀಸರಿಗೆ ಸಮಾಧಾನವಾಗಿ ಹೇಳಿದ: "ಹೌದ್ರಿ ಸಾರ್. ಆಕಿ ತೆಲುಗು ಸಾಲ್ಯಾಗ ಓದಿದಾಕಿ. ಆಕಿಗೇನು ಗೊತ್ತಿರತೈತಿ? ಬಿಡ್ರಿ."

ಹಲಗೆಯನ್ನು ಜೀಪಿಗೆ ಹಾಕಿಕೊಂಡು ಹೋದರು. ಮರುದಿನ ತಾತ ಹಲಗೆ ಇದ್ದ ಬರೀ ಗೋಡೆಯ ಮೇಲೆ ಬರೆದ. ಒಂದು, ಎರಡು... ಮೂರು ಎಂದು ಅಂಕಿ ಹಾಕಿ ಮುಂದೆ ಖಾಲಿ ಬಿಟ್ಟ.

"ಏನು ತಾತ, ಮೂರನೇದ್ದಕ್ಕ ಸುಣ್ಣ ಸಾಲಲಿಲ್ಲೇನು?" ಎಂದು ಕುರಿಯವನೊಬ್ಬ ಕೆಣಕಿದ.

"ಮೂರನೇದ್ದು ಸ್ಟೇಷನ್ನಿನಾಗ ಕುಂತೈತೋ. ಸಾಹೇಬರು ಅದಕ್ಕ ಚಾ ಕುಡಿಸಾಕತ್ಯಾರ."

ಎಲ್ಲರೂ ನಕ್ಕರು. ಆ ಖಾಲಿ ಸಾಲು ನೋಡಿದ ಪ್ರತಿಯೊಬ್ಬರ ಮನೆಯಲ್ಲೂ ಅಂದು ನೀರು ಕುದಿಯಿತು. ಐದೂ ಮಕ್ಕಳು ಉಳಿದವು. ತಾತ ಮಾತ್ರ ವರ್ಷಗಟ್ಟಲೆ ಕೋರ್ಟಿಗೆಂದು ಆದೋನಿಯ ಬಸ್ಸು ಹತ್ತಿ ಇಳಿದ. ಪೇಪರ್ ತರುತ್ತಿದ್ದ ಅದೇ ಬಸ್ಸು. ಆಮೇಲೆ ಜಾಗ ಪಂಚಾಯಿತಿಯದೆಂದು ಹೋಟೆಲನ್ನೂ ಎಬ್ಬಿಸಿದರು.

ಅವನು ನನಗೆ ಒಂದು ಬಿರುಮಾತೂ ಆಡಲಿಲ್ಲ. ಹೋಟೆಲ್ ಇದ್ದಷ್ಟು ದಿನ ಹೋದಾಗಲೆಲ್ಲ ಚಹಾ ಕೊಟ್ಟ, ಮಂಡಕ್ಕಿ ಕೊಟ್ಟ, ಮಕ್ಕಳ ಬಗ್ಗೆ ಕೇಳಿದ. ಆದರೆ "ಓದವ್ವಾ" ಎಂದು ಮತ್ತೆಂದೂ ಅನ್ನಲಿಲ್ಲ. ತಪ್ಪಾಯಿತು ಎಂದು ಹೇಳಲು ನಾಳೆ, ನಾಡಿದ್ದು ಎನ್ನುತ್ತಿರುವಾಗಲೇ ತಾತ ಹೋಗಿಬಿಟ್ಟ. ಮಣ್ಣಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಈಗ ಊರಿಗೊಂದು ವಾಟ್ಸಾಪ್ ಗುಂಪಿದೆ. ನಿನ್ನೆ ಯಾರೋ ನಲ್ಲಿಯ ಕೆಂಪು ನೀರಿನ ಫೋಟೋ ಹಾಕಿದ್ದರು. ನಾನು ಕನ್ನಡಕ ಹುಡುಕಿ ತರುವಷ್ಟರಲ್ಲಿ ಅಳಿಸಿಯಾಗಿತ್ತು. ಕೆಳಗೆ ಒಬ್ಬರು ಬರೆದಿದ್ದರು, 'ಇಂಥವು ಹಾಕಬ್ಯಾಡ್ರಿ, ಕೇಸು ಆಗತೈತಿ.' ಎಲ್ಲರೂ ಅದಕ್ಕೆ ಕೈಮುಗಿದಿದ್ದರು. ತಾತನ ಹಲಗೆ ಒಯ್ಯಲು ಜೀಪಾದರೂ ಬರಬೇಕಿತ್ತು. ಈಗ ಅದೂ ಬೇಡ, ನಾವೇ ಮೊದಲು ಒರೆಸಿಕೊಳ್ಳುತ್ತೇವೆ. ಅಲ್ಲೊಂದು ಸಾಲು ಖಾಲಿ ಇದೆ ಎಂಬುದೂ ಯಾರಿಗೂ ಕಾಣುವುದಿಲ್ಲ.

ಇವತ್ತು ಬೆಳಿಗ್ಗೆ ಹಲಗೆ ಒಣಗಿತ್ತು. ಮೊದಲು ನಲ್ಲಿಗೆ ಹೋಗಿ ನೀರನ್ನು ಕಣ್ಣಾರೆ ನೋಡಿ ಬಂದೆ. ಬಾಗಿಲ ಹೊರಗೆ, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಇಟ್ಟು ಬರೆದೆ: 'ನಲ್ಲಿಯ ನೀರು ಕೆಂಪಾಗಿದೆ. ಕಾಯಿಸಿ ಕುಡಿಯಿರಿ.' ಕೆಳಗೆ ನನ್ನ ಹೆಸರು ಹಾಕಿದೆ. ಅಕ್ಷರ ವಾಲಿದವು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಚಿಕ್ಕಂದಿನಲ್ಲಿ ಓದುತ್ತಿದ್ದ ಹಾಗೆ, ದೊಡ್ಡ ದನಿಯಲ್ಲಿ ಕೊನೆಯತನಕ ಓದಿದೆ.

ಓದು ಎಂದು ಯಾರೂ ಹೇಳಿರಲಿಲ್ಲ. ಹೇಳುವವನು ಇರಲೂ ಇಲ್ಲ.