ಬೂಟು ಬಿಚ್ಚದ ಮೇಸ್ತ್ರಮ್ಮ

ಮೇಸ್ತ್ರಮ್ಮನ ಬಲಗಣ್ಣಿನ ಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆಯಿತ್ತು. ಆ ಕಡೆ ನಿಂತು ಯಾರಾದರೂ ಮಾತಾಡಿಸಿದರೆ ಅವರು ಕೋಳಿಯ ಹಾಗೆ ಕುತ್ತಿಗೆಯನ್ನೇ ಪೂರ್ತಿ ತಿರುಗಿಸಿ, ಎಡಗಣ್ಣಿನಿಂದ ದುರುಗುಟ್ಟಿಕೊಂಡು ನೋಡುತ್ತಿದ್ದರು. ಹೊಸಬರಿಗೆ ಹೆದರಿಕೆಯಾಗುತ್ತಿತ್ತು. ನನಗೂ ಆಗಿತ್ತು.

ಬಾಗಿಲ ಪಕ್ಕ ಇಟ್ಟಿರುವ ನನ್ನ ಕರಿ ಬೂಟಿಗೆ ಕಾಲು ತೂರಿಸಿಕೊಂಡು, ಅಜ್ಜಿ ಮಿಲಿಟರಿಗೆ ಹೋಗಿದ್ದಳು ಎಂದು ಅಂಗಳದಲ್ಲಿ ಕುಣಿಯುತ್ತೀರಲ್ಲ ಮಕ್ಕಳೇ, ಆ ಬೂಟು ಮನೆಗೆ ಬಂದದ್ದು ಈ ಮೇಸ್ತ್ರಮ್ಮನಿಂದ. ನಿಮ್ಮೆದುರು ಕೂತು ಹೇಳೋಣವೆಂದರೆ ನನಗೆ ಮಾತು ಬರುವುದಿಲ್ಲ. ಕೋಪ ಬಂದರಂತೂ ಗಂಟಲೇ ಕಟ್ಟಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಕೂಟಗಲ್ಲಿನಿಂದ ಟೆಂಪೋ ಹತ್ತಿ ಬೈರಮಂಗಲದ ಕಡೆಯ ಒಂದು ಬಡಾವಣೆಗೆ ಕೆಲಸಕ್ಕೆ ಹೋಗತೊಡಗಿದೆ. ಅಲ್ಲಿರುವುದೆಲ್ಲ ಬಂಗಲೆಗಳು, ಒಂದೊಂದಕ್ಕೂ ಸುತ್ತ ಕೈತೋಟ. ತೋಟಗಳನ್ನು ನೋಡಿಕೊಳ್ಳುವ ಗುತ್ತಿಗೆ ಒಂದು ಕಂಪನಿಯದಾಗಿತ್ತು. ಹುಲ್ಲು ಕತ್ತರಿಸುವುದು, ಬೇಲಿ ಗಿಡ ಸವರುವುದು, ಗುಲಾಬಿಗೆ ಔಷಧಿ ಹೊಡೆಯುವುದು ನಮ್ಮ ಕೆಲಸ. ನಾವು ಹೆಂಗಸರದೇ ಒಂದು ಗುಂಪು. ನಮ್ಮ ಮೇಲೆ ಮೇಸ್ತ್ರಮ್ಮ, ಅವರ ಮೇಲೆ ಕಂಪನಿಯ ಸೂಪರ್‌ವೈಸರ್.

ಅವರ ಕಣ್ಣು ಹೋದದ್ದು ನಾನು ಸೇರುವ ಮುಂಚೆ. ಮಿಷನ್ನಿನಲ್ಲಿ ಹುಲ್ಲು ಕತ್ತರಿಸುವಾಗ ತಿರುಗುವ ಬ್ಲೇಡಿಗೆ ಜಲ್ಲಿಯ ಚೂರು ಸಿಕ್ಕಿ, ಸಿಡಿದು ಬಂದು ಕಣ್ಣಿಗೆ ಬಡಿಯಿತಂತೆ. ಅದನ್ನು ಅವರು ಒಂದೇ ಸಲ ಹೇಳಿದ್ದು, ಮಧ್ಯಾಹ್ನ ಮುದ್ದೆ ಮುರಿಯುತ್ತಾ.

"ಕನ್ನಡ್ಕ ಇತ್ತು ಕಣ್ರಮ್ಮಿ. ಕಂಪ್ನಿಯೋರು ತಂದಿದ್ರು. ಗೋಡೌನ್ ಬೀರುನಾಗೆ, ಒಸಾದು, ಮ್ಯಾಲಿನ್ ಕವರೂ ಬಿಚ್ಚಿರ್ನಿಲ್ಲ. ಬೀಗದ ಕೈ ಸೂಪರ್‌ವೈಸರ್ ಜೇಬ್ನಾಗೆ. ಆಳಾಗ್ಬುಡ್ತದೆ ಅಂತ ಮಡಗಿದ್ನಂತೆ."

"ಏನು ಆಳಾಗ್ತದೆ ಅಂತ?" ಎಂದು ಯಾರೋ ಕೇಳಿದರು.

"ಕನ್ನಡ್ಕ!" ಎಂದು ಮೇಸ್ತ್ರಮ್ಮ ಜೋರಾಗಿ ನಕ್ಕರು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ.

ಕಣ್ಣು ಹೋದ ಮೇಲೆ ಅವರಿಗೆ ಎಲ್ಲದರಲ್ಲೂ ಅಪಾಯವೇ ಕಾಣುತ್ತಿತ್ತು. ಅವರು ಬೈದಷ್ಟು ನನ್ನನ್ನು ನನ್ನ ಅತ್ತೆಯೂ ಬೈದಿಲ್ಲ. ಮೇಸ್ತ್ರಮ್ಮ ಹಿಂದೆ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದಿದ್ದರು. ಅಲ್ಲಿ ತಿರುಗುವ ಮಿಷನ್ನಿಗೆ ಒಬ್ಬಾಕೆಯ ಸೆರಗು ಸಿಕ್ಕಿಕೊಂಡದ್ದನ್ನು ಕಣ್ಣಾರೆ ನೋಡಿದ್ದರಂತೆ. ನಮ್ಮ ಸೆರಗು ಒಂದು ಗೇಣು ಜೋತರೆ ಸಾಕು, ಹಿಡಿದೆಳೆದು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಗಂಡಸರ ಅಂಗಿ ತೊಟ್ಟುಕೊಳ್ಳುವ ತನಕ ಬಿಡುತ್ತಿರಲಿಲ್ಲ. ನಾನು ನಿಮ್ಮ ತಾತನ ಅಂಗಿ ತೊಡುತ್ತಿದ್ದೆ.

ಔಷಧಿ ಹೊಡೆಯುವಾಗ ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡರೆ ತಂಪಾಗಿರುತ್ತದೆ, ಘಾಟೂ ಬರುವುದಿಲ್ಲ ಎಂದು ನಾವು ನಂಬಿದ್ದೆವು. ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮೇಸ್ತ್ರಮ್ಮ ಅದನ್ನು ಕಿತ್ತು ಬಿಸಾಡುತ್ತಿದ್ದರು. "ಇಸವ ಈರ್ಕೊಂಡು ಮೂಗ್ನತ್ರನೇ ಮಡಿಕ್ಕಂಡಿರ್ತದೆ ಕಣಮ್ಮಿ ಅದು!" ಔಷಧಿ ಎಂಬ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ, ವಿಷ ಎಂದೇ ಅನ್ನುತ್ತಿದ್ದರು. ಗಾಳಿ ಬೀಸುವ ಹೊತ್ತಿನಲ್ಲಿ ಪಂಪು ಮುಟ್ಟಲೂ ಬಿಡುತ್ತಿರಲಿಲ್ಲ. ಬಂಗಲೆಯವರು ಬಂದು ಎಷ್ಟು ಅವಸರ ಮಾಡಿದರೂ ಅಷ್ಟೇ.

ಎಲ್ಲಕ್ಕಿಂತ ದೊಡ್ಡ ಜಗಳ ಎಲೆ ಅಡಿಕೆ ಚೀಲದ್ದು. ನಮ್ಮ ಕಡೆಯ ಹೆಂಗಸರಿಗೆ ಸೊಂಟದಲ್ಲಿ ಆ ಚೀಲ ಇಲ್ಲದಿದ್ದರೆ ಸೀರೆ ಉಟ್ಟಂತೆಯೇ ಅಲ್ಲ. ಔಷಧಿ ಹೊಡೆಯುತ್ತಿದ್ದ ಕೈಯಲ್ಲೇ ಎಲೆ ತೆಗೆದು, ಹೆಬ್ಬೆರಳಿನಿಂದ ಸುಣ್ಣ ಸವರಿ ಬಾಯಿಗಿಟ್ಟುಕೊಳ್ಳುತ್ತಿದ್ದೆವು. ಟೆಂಪೋ ಇಳಿದ ಕೂಡಲೇ ಎಲ್ಲರ ಚೀಲವೂ ಗೇಟಿನ ಹತ್ತಿರದ ಹೊಂಗೆ ಮರಕ್ಕೆ ತೂಗುಬೀಳಬೇಕು ಎಂದು ಮೇಸ್ತ್ರಮ್ಮ ಕಟ್ಟಪ್ಪಣೆ ಮಾಡಿದರು. ನೋಡಿದವರಿಗೆ ಹರಕೆ ಕಟ್ಟಿದ ಮರ ಎನಿಸಬೇಕು, ಹಾಗೆ ತೂಗುತ್ತಿದ್ದವು.

ನಮ್ಮ ಗುಂಪಿನಲ್ಲಿ ಹಲ್ಲಿಲ್ಲದ ಒಬ್ಬ ಅಜ್ಜಿಯಿದ್ದಳು. ಖಾಲಿ ಚೀಲವೊಂದನ್ನು ಮರಕ್ಕೆ ತಗುಲಿಸಿ, ತುಂಬಿದ ಚೀಲವನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಗುಲಾಬಿ ಸಾಲಿನ ಮಧ್ಯೆ ಅವಳ ದವಡೆ ಆಡುವುದನ್ನು ಮೇಸ್ತ್ರಮ್ಮ ಕಂಡುಬಿಟ್ಟರು.

"ಉಗಿಯಮ್ಮಿ!"

"ಏನ?"

"ಬಾಯಾಗಿರದ ಉಗಿ ಅಂದೆ. ಇಸದ್ ಕೈ ಕಣೇ ಅದು!"

"ಎಲೆ ಅಡ್ಕೆ ಬಾಯಾಗ್ ಆಕ್ಕಂಡೋಳ್ನ ಉಗಿ ಅಂತೀಯಲ್ಲೇ ಒಕ್ಕಣ್ಣಿ! ನಮ್ ಮನೇಲಿ ಸತ್ತೋರ್ಗೂ ಇಂಗ್ ಅಂದಿಲ್ಲ!"

"ಸತ್ತೋರು ಪಂಪ್ ಒಡ್ಯಾಕಿಲ್ಲ. ಉಗಿ ಮೊದ್ಲು!"

ಅಜ್ಜಿ ಉಗಿದಳು. ನಾಳೆಯಿಂದ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಅತ್ತಳು. ಮೇಸ್ತ್ರಮ್ಮ ಅವಳನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಕೂರಿಸಿ, ಸೋಪು ಹಾಕಿ, ಮೊಣಕೈವರೆಗೂ, ಉಗುರು ಉಗುರನ್ನೂ ತಿಕ್ಕಿ ತೊಳೆದರು. ಎಳೆ ಮಗುವಿಗೆ ಸ್ನಾನ ಮಾಡಿಸಿದ ಹಾಗೆ. ಆಮೇಲೆ ತಾವೂ ಕೈ ತೊಳೆದು, ಮರದಲ್ಲಿದ್ದ ತಮ್ಮ ಚೀಲದಿಂದಲೇ ಎಲೆ ಮಡಿಚಿ ಅವಳ ಬಾಯಿಗಿಟ್ಟರು. ಅಜ್ಜಿ ಮರುದಿನವೂ ಬಂದಳು. ಬೈಯುತ್ತಲೇ ಬಂದಳು ಅನ್ನಿ.

ಒಂದು ದಿನ ಬಂಗಲೆಯ ಮಾಲೀಕರ ಸಂಘದವರು, ಕೆಲಸದವರಿಗೆ ಬೂಟು, ಕೈಗವಸು, ಕನ್ನಡಕ ಕೊಟ್ಟಿದ್ದೀರಾ ಎಂದು ಕಂಪನಿಯನ್ನು ಕೇಳಿದರಂತೆ. ಮರುದಿನವೇ ಸೂಪರ್‌ವೈಸರ್ ಮೂಟೆ ತಂದ. ಎಲ್ಲರಿಗೂ ತೊಡಿಸಿ, ಹುಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿ, ಮೊಬೈಲು ಹಿಡಿದು, "ಸ್ವಲ್ಪ ನಗ್ರಮ್ಮ" ಎಂದ. ಹಲ್ಲಿಲ್ಲದ ಅಜ್ಜಿ ಬಾಯಿ ತುಂಬ ನಕ್ಕಳು. ನಾನೂ ನಕ್ಕಿದ್ದೆ. ಜನ್ಮದಲ್ಲಿ ಮೊದಲ ಸಲ ಬೂಟು ಹಾಕಿದ್ದೆ. ಬೇಲಿಯ ಮುಳ್ಳನ್ನು ಬೇಕೆಂದೇ ತುಳಿದು ನೋಡಿದೆ, ಚುಚ್ಚಲೇ ಇಲ್ಲ.

ಫೋಟೊ ಮುಗಿಯಿತು. "ಹಾಂ, ಎಲ್ಲಾ ಬಿಚ್ಚಿ ಮೂಟೆಗೆ ಹಾಕಿ. ಇನ್ನೊಂದು ಸೈಟಿಗೆ ಹೋಗ್ಬೇಕು, ಅಲ್ಲೂ ಫೋಟೊ ಇದೆ" ಎಂದ.

ಮೇಸ್ತ್ರಮ್ಮ ಹುಲ್ಲಿನ ಮೇಲೆ ಕೂತುಬಿಟ್ಟರು. ನಾವು ದಿನವೂ ಕತ್ತರಿಸಿ ನೀರು ಹಾಕುತ್ತಿದ್ದ, ಒಂದು ದಿನವೂ ನಮ್ಮನ್ನು ಕೂರಲು ಬಿಡದಿದ್ದ ಹುಲ್ಲು ಅದು.

"ಏನಮ್ಮ ಇದು? ಬಿಚ್ಚು. ಕಂಪ್ನಿ ಸಾಮಾನು ಅದು."

"ಕಾಲು ನಂದು ಕಣಪ್ಪ."

"ತಮಾಷೆ ಮಾಡ್ಬೇಡ."

"ಕಣ್ಣೂ ನಂದೇ ಆಗಿತ್ತು" ಎಂದರು ಮೇಸ್ತ್ರಮ್ಮ. ಕುತ್ತಿಗೆ ತಿರುಗಿಸಲಿಲ್ಲ. ಆ ಬಿಳಿ ಕಣ್ಣನ್ನೇ ಅವನ ಕಡೆಗೆ ಹಿಡಿದು ಕೂತಿದ್ದರು.

ಅವನ ಮುಖ ಕೆಂಪಾಯಿತು. ಸಾಲಿನಲ್ಲಿ ಕಣ್ಣಾಡಿಸಿ ನನ್ನ ಮುಂದೆ ಬಂದು ನಿಂತ. "ನೋಡಮ್ಮ, ನೀನು ಒಳ್ಳೆ ಹೆಂಗಸು. ಯಾರ ತಂಟೆಗೂ ಹೋಗೋಳಲ್ಲ. ನೀನು ಬಿಚ್ಚು, ನಿನ್ನ ನೋಡಿ ಇವರೂ ಬಿಚ್ತಾರೆ."

ಒಳ್ಳೆ ಹೆಂಗಸು ಎಂಬ ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. "ಬಿಚ್ಚಾಕಿಲ್ಲ" ಎಂದೆ. ಧ್ವನಿ ಹೊರಗೆ ಬಂತೋ ಇಲ್ಲವೋ ನನಗೇ ತಿಳಿಯಲಿಲ್ಲ.

ಪಕ್ಕದಲ್ಲಿದ್ದ ಅಜ್ಜಿ ಇಡೀ ಬಡಾವಣೆಗೆ ಕೇಳುವಂತೆ ಕೂಗಿದಳು: "ಕೇಳುಸ್ತೇನಪ್ಪಾ? ಬಿಚ್ಚಾಕಿಲ್ವಂತೆ!" ಕೂಗಿದವಳೇ ದೊಪ್ಪನೆ ಕೂತಳು. ನಾನು ಕೂತೆ. ಉಳಿದವರೂ ಕೂತರು. ಬಂಗಲೆಗಳ ಬಾಲ್ಕನಿಗೆ ಜನ ಬಂದು ನೋಡತೊಡಗಿದಾಗ ಅವನು ಯಾರಿಗೋ ಫೋನು ಮಾಡಿ ಬೈಸಿಕೊಂಡು, ಖಾಲಿ ಮೂಟೆ ಹಿಡಿದು ಹೋದ.

ಬೂಟು ಉಳಿಯಿತು. ಮೇಸ್ತ್ರಮ್ಮ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಟೆಂಪೋ ಡ್ರೈವರ್ ತಲೆ ತಗ್ಗಿಸಿಕೊಂಡು ಅವರಿಗೆ, "ನಿಮ್ಮನ್ನ ಅತ್ತಿಸ್ಕಬ್ಯಾಡ ಅಂದವ್ರೆ ಕಣಕ್ಕ" ಎಂದ. ನಾವೆಲ್ಲ ಇಳಿಯಹೊರಟೆವು.

"ಯಾವಳೂ ಇಳೀಬ್ಯಾಡಿ!" ಎಂದು ಗದರಿದರು. "ಅವನಿಗ್ ಬೇಕಾಗಿರಾದೇ ಅದು. ಬೂಟ ಆಕ್ಕೊಂಡೋಗಿ ಅವನ್ ಮುಂದ್ಲೇ ಟಪಟಪ ಅಂತ ಓಡಾಡಿ. ಚೀಲ ಮರಕ್ ತಗ್ಲಾಕಾದ್ ಮರತ್ರೆ ಅಲ್ಲಿಗೇ ಬಂದ್ ಒದೀತೀನಿ, ಕತ್ತೆಗಳಾ."

ಹಾಗೇ ಮಾಡಿದೆವು. ನಾನು ಕೆಲಸ ಬಿಡುವ ತನಕ ಆ ಹೊಂಗೆ ಮರದಲ್ಲಿ ಚೀಲಗಳು ತೂಗುತ್ತಲೇ ಇದ್ದವು.

ಮೇಸ್ತ್ರಮ್ಮ ರಾಮನಗರದಾಚೆ ಕನಕಪುರ ರಸ್ತೆಯಲ್ಲಿ ಒಂದು ನರ್ಸರಿಗೆ ಸೇರಿಕೊಂಡರು. ಒಂದು ಸಂಜೆ ಬಸ್ಸಿಳಿದು ರಸ್ತೆ ದಾಟುವಾಗ ಬಲಗಡೆಯಿಂದ ಬಂದ ವ್ಯಾನು ಅವರಿಗೆ ಗುದ್ದಿತು. ಆಸ್ಪತ್ರೆ ಸೇರುವ ಮುಂಚೆಯೇ ಜೀವ ಹೋಗಿತ್ತು.

ಸಾವಿನ ಮನೆಗೆ ಸೂಪರ್‌ವೈಸರ್ ಹಾರ ಹಿಡಿದು ಬಂದಿದ್ದ. ಹಾರ ಹಾಕಿ, ಕೈ ಮುಗಿದು, ಪಕ್ಕದವರಿಗೆ, "ಪಾಪ, ಸರಿಯಾಗಿ ನೋಡ್ಕೊಂಡು ದಾಟ್ಬೇಕಿತ್ತು" ಎಂದ. ಕೇಳಿದವರೂ ಹಣೆಬರಹ ಎಂದು ತಲೆಯಾಡಿಸಿದರು. ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ.

ಅಂದು ಬಾಯಿಗೆ ಬಾರದ್ದನ್ನು ಇಲ್ಲಿ ಬರೆದಿಡುತ್ತೇನೆ. ಸರಿಯಾಗಿ ನೋಡುವುದಕ್ಕೆ ಅವರಿಗೆ ಬಲಗಣ್ಣು ಎಲ್ಲಿತ್ತು? ಅದನ್ನು ಕಾಯಬೇಕಾಗಿದ್ದ ಕನ್ನಡಕ, ಹಾಳಾಗದ ಹಾಗೆ, ಅವನ ಬೀರುವಿನಲ್ಲಿತ್ತು. ಹಣೆಬರಹಕ್ಕೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದವನು, ಹಾರ ತಂದವನೇ.

ಆ ಬೂಟಿನಲ್ಲಿ ನೀವು ಎಷ್ಟು ಬೇಕಾದರೂ ಕುಣಿಯಿರಿ, ನನಗೇನೂ ಬೇಸರವಿಲ್ಲ. ಕುಣಿದ ಮೇಲೆ ಮತ್ತೆ ಬಾಗಿಲ ಪಕ್ಕದಲ್ಲೇ ತಂದಿಡಿ. ವರ್ಷಗಟ್ಟಲೆ ಆ ಕೆಲಸ ಮಾಡಿದರೂ ನಿಮ್ಮ ಅಜ್ಜಿಗೆ ಎರಡು ಕಣ್ಣೂ ಇವೆ, ಎರಡು ಕಾಲೂ ನೆಟ್ಟಗಿವೆ. ಅವು ನನ್ನವು ಎಂದು ನನಗೆ ಗೊತ್ತುಮಾಡಿಸಿದವರು ಮೇಸ್ತ್ರಮ್ಮ.